ಪ್ರಶ್ನೋತ್ತರ: ಪತ್ರಕರ್ತರಾಗಲು ಏನು ಓದಿರಬೇಕು, ಎಂಥವರಾಗಿರಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ವರದಿಗಾರ್ತಿ ಆಗಬೇಕು ಅಂತ ತುಂಬಾ ಆಸೆ. ಪತ್ರಿಕೋದ್ಯಮ ಓದಿಲ್ಲದಿದ್ದರೆ ಕೆಲಸ ಸಿಗೋದೇ ಇಲ್ವಾ? ಹೊಸಬರ ಜೊತೆ ಮಾತಾಡೋಕೆ ಸಂಕೋಚ ಬೇರೆ.

ಉತ್ತರ: ಸಿಗುತ್ತದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣವನ್ನು 1972ರಲ್ಲಿ ಬೆನ್ನತ್ತಿದ ಇಬ್ಬರು ವರದಿಗಾರರಲ್ಲಿ ಕಾರ್ಲ್ ಬರ್ನ್‌ಸ್ಟೀನ್ ಕಾಲೇಜನ್ನೇ ಮುಗಿಸಿರಲಿಲ್ಲ. ಹಾಗಂತ ಓದು ಬೇಡ ಅಂತಲ್ಲ. ಈಗ ಸಾಮಾನ್ಯವಾಗಿ ಡಿಗ್ರಿ ಕೇಳುತ್ತಾರೆ, ಬೇರೆ ವಿಷಯದ್ದಾದರೂ ನಡೆಯುತ್ತದೆ. ಪತ್ರಿಕೋದ್ಯಮ ಕೋರ್ಸ್ ಮಾಡಿದರೆ ಮಾನನಷ್ಟ ಕಾನೂನು, ಸುದ್ದಿ ಬರೆಯುವ ಕ್ರಮ, ಎಡಿಟಿಂಗ್ ಬೇಗ ಕೈಗೆ ಹತ್ತುತ್ತವೆ.

ನಿಮ್ಮ ವಿಜ್ಞಾನದ ಓದನ್ನು ಸುಮ್ನೆ ಬದಿಗಿಡಬೇಡಿ. ಹೊಸ ಔಷಧಿಯಿಂದ ಕಾಯಿಲೆಯ ಅಪಾಯ ಅರ್ಧಕ್ಕೆ ಇಳಿಯುತ್ತದೆ ಅಂತ ಒಂದು ಪ್ರಕಟಣೆ ಬಂತು ಅಂದುಕೊಳ್ಳಿ. ಕಾಯಿಲೆ ಬರುವವರು ನೂರು ಜನರಲ್ಲಿ 40 ಇದ್ದದ್ದು 20 ಆಯಿತಾ, ಹತ್ತು ಸಾವಿರದಲ್ಲಿ 2 ಇದ್ದದ್ದು 1 ಆಯಿತಾ? ಎರಡೂ ಅರ್ಧವೇ, ಆದರೆ ಸುದ್ದಿ ಬೇರೆ ಬೇರೆ ಅಲ್ವಾ? ಇದನ್ನು ಕೇಳುವವರು ಸುದ್ದಿಮನೆಗೆ ಬೇಕು.

ಸಂಕೋಚಕ್ಕೆ ಹೆದರಬೇಡಿ. ನಾನು ಈಗಲೂ ಫೋನ್ ಮಾಡುವ ಮೊದಲು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಪ್ರಶ್ನೆ ಕೇಳಿ ಸುಮ್ಮನಿರುವುದೂ ಒಂದು ಶಕ್ತಿ. ನಾವು ಬಾಯಿ ಹಾಕದಿದ್ದರೆ, ಎದುರಿನವರು ಹೇಳದೆ ಬಿಟ್ಟದ್ದನ್ನೂ ಎಷ್ಟೋ ಸಲ ತಾವೇ ಹೇಳುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಎಲ್ಲಕ್ಕಿಂತ ಮುಖ್ಯವಾದ ಗುಣ ಯಾವುದು ಮೇಡಂ? ಧೈರ್ಯನಾ?

ಉತ್ತರ: ಧೈರ್ಯ ಬೇಕು. ಆದರೆ ನಾನು ಮೊದಲು ಹುಡುಕುವುದು, ಬರೆಯುವ ಮೊದಲು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸವನ್ನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಪಘಾತದ ಸುದ್ದಿ ಬರೆದೆ. ಡೆಡ್‌ಲೈನ್‌ಗೆ ಹತ್ತೇ ನಿಮಿಷ ಇತ್ತು. ಫೋನಿನಲ್ಲಿ ಕೇಳಿಸಿದ ಹೆಸರನ್ನು ಹಾಗೇ ಹಾಕಿದೆ. ತೀರಿಕೊಂಡದ್ದು ಅಣ್ಣ, ನಾನು ಬರೆದದ್ದು ತಮ್ಮನ ಹೆಸರು. ಮರುದಿನ ಅವರ ತಂದೆ ಪೇಪರ್ ಮಡಚಿ ಹಿಡಿದುಕೊಂಡು ಕಚೇರಿಗೆ ಬಂದರು. ಬೈಯಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, “ಇವನು ಹೊರಗೆ ನಿಂತಿದ್ದಾನಮ್ಮ” ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ತಿದ್ದುಪಡಿ ಹಾಕಿದೆವು, ಆದರೆ ಅಷ್ಟರಲ್ಲಿ ನೆಂಟರಿಷ್ಟರೆಲ್ಲ ತಪ್ಪು ಹೆಸರನ್ನೇ ಓದಿಯಾಗಿತ್ತು. ಅವತ್ತಿನಿಂದ ಯಾರದೇ ಹೆಸರಿರಲಿ, ವಾಪಸ್ ಓದಿ ಹೇಳಿ, ಹೌದು ಅನ್ನಿಸಿಕೊಂಡೇ ಬರೆಯುತ್ತೇನೆ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಈಗಿನಿಂದಲೇ ಏನು ಮಾಡಲಿ?

ಉತ್ತರ: ಒಂದೇ ಸುದ್ದಿಯನ್ನು ಮೂರು ಪತ್ರಿಕೆಗಳಲ್ಲಿ ಓದಿ. ಮೊದಲ ಪ್ಯಾರಾದಲ್ಲಿ ಯಾರು ಏನು ಹೇಳಿದ್ದಾರೆ, ಯಾರು ಏನು ಬಿಟ್ಟಿದ್ದಾರೆ ನೋಡಿ. ನಿಮ್ಮ ಕಾಲೇಜಿನ ಒಂದು ಕಾರ್ಯಕ್ರಮಕ್ಕೆ ಹೋಗಿ 200 ಪದಗಳಲ್ಲಿ ವರದಿ ಬರೆಯಿರಿ. ಆಮೇಲೆ ಅದನ್ನೇ 100 ಪದಕ್ಕೆ ಇಳಿಸಿ. ಕಷ್ಟ ಆಗುತ್ತದೆ, ಆದರೂ ಬಿಡಬೇಡಿ. ಹಾಗೆ ಬರೆದ ನಾಲ್ಕೈದು ವರದಿಗಳನ್ನು ಸಂದರ್ಶನಕ್ಕೆ ತನ್ನಿ. ನಾನಂತೂ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಅವನ್ನೇ ಓದುತ್ತೇನೆ.