ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಯಾವ ಕಂಪೈಲರ್ ಸರಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಿ++ನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶವೊಂದನ್ನು ವಿಂಡೋಸ್‌ಗಾಗಿ ಬರೆಯುತ್ತಿದ್ದೇನೆ; ಮುಂದೆ ಲಿನಕ್ಸ್‌ಗೂ ಒಯ್ಯುವ ಆಸೆಯಿದೆ. ಕಡತಗಳನ್ನು ಓದುವ ಕೆಲಸಕ್ಕೆ ಸಿ++ ಲೈಬ್ರರಿಯೊಂದನ್ನು ಕೊಂಡಿದ್ದೇವೆ. ಅದರ ಮೂಲ ಕೋಡ್ ನಮ್ಮ ಬಳಿ ಇಲ್ಲ, ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋದಲ್ಲಿ ಕಂಪೈಲ್ ಆದ, ಅಂದರೆ ಯಂತ್ರಭಾಷೆಗೆ ಬದಲಾದ, ಡಿಎಲ್‌ಎಲ್ ಕಡತ ಮತ್ತು ಅದರ ಫಂಕ್ಷನ್‌ಗಳ ವಿವರವಿರುವ ಹೆಡರ್‌ಗಳಷ್ಟೇ ಇವೆ. ಜಿಸಿಸಿ ಎಂಬ ಉಚಿತ ಕಂಪೈಲರ್ ಬಳಸಿದರೆ ಪ್ರೋಗ್ರಾಂ ಹೆಚ್ಚು ವೇಗವಾಗಿ ಓಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಅದರ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯು ಹಾಕಿಕೊಂಡು ನೋಡಿದೆ. ಕಂಪೈಲ್ ಆಗುತ್ತದೆ, ಆದರೆ ಲೈಬ್ರರಿಯ ಒಂದು ಫಂಕ್ಷನ್ನೂ ಲಿಂಕರ್‌ಗೆ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಸಾಧನಕ್ಕೆ) ಸಿಗುತ್ತಿಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಲಿಂಕರ್ ತೋರಿಸುವ ಹೆಸರುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಎರಡು ಇಂಟ್‌ಗಳನ್ನು (ಪೂರ್ಣಾಂಕಗಳನ್ನು) ಪಡೆಯುವ 'ಆಡ್' ಎಂಬ ಫಂಕ್ಷನ್‌ಗೆ ಜಿಸಿಸಿ ಇಡುವ ಹೆಸರು ಅಂಡರ್‌ಸ್ಕೋರ್ ಮತ್ತು ಜೆಡ್‌ನಿಂದ ಆರಂಭವಾಗಿ, ಹೆಸರಿನ ಅಕ್ಷರಗಳ ಎಣಿಕೆಯಾದ 3, ಆಮೇಲೆ ಆ ಹೆಸರು, ಕೊನೆಗೆ ಪ್ರತಿ ಇಂಟ್‌ಗೂ ಒಂದರಂತೆ ಎರಡು 'ಐ' ಬರುತ್ತವೆ. ಮೈಕ್ರೋಸಾಫ್ಟ್ ಕಂಪೈಲರ್ ಇಡುವ ಹೆಸರು ಪ್ರಶ್ನಾರ್ಥಕ ಚಿಹ್ನೆಯಿಂದಲೇ ಆರಂಭವಾಗುತ್ತದೆ. ಹೆಸರಷ್ಟೇ ಅಲ್ಲ, ಕ್ಲಾಸ್‌ಗಳು ಮೆಮೊರಿಯಲ್ಲಿ ಕೂರುವ ರೀತಿ, ಎಕ್ಸೆಪ್ಷನ್‌ಗಳನ್ನು (ಓಡುವಾಗ ಎದುರಾಗುವ ದೋಷಗಳ ಸೂಚನೆಗಳನ್ನು) ಹಿಡಿಯುವ ರೀತಿ ಎಲ್ಲವೂ ಬೇರೆ. ಆದ್ದರಿಂದ ಹೆಸರನ್ನು ಹೇಗೋ ಹೊಂದಿಸಿದರೂ ಪ್ರೋಗ್ರಾಂ ಓಡುವಾಗ ಕುಸಿಯುತ್ತದೆ.

ಹೀಗಾಗಿ ವಿಂಡೋಸ್‌ನಲ್ಲಿ ನಿಮಗಿರುವ ಆಯ್ಕೆ ಎರಡೇ: ಮೈಕ್ರೋಸಾಫ್ಟ್ ಕಂಪೈಲರ್, ಇಲ್ಲವೇ ಅದರೊಂದಿಗೆ ಹೊಂದಿಕೊಳ್ಳುವಂತೆಯೇ ರೂಪಿಸಿರುವ, ಕ್ಲಾಂಗ್ ಕಂಪೈಲರ್‌ನ ಕ್ಲಾಂಗ್-ಸಿಎಲ್ ರೂಪ. ವಿಷುಯಲ್ ಸ್ಟುಡಿಯೋ 2015ರಿಂದ 2022ರವರೆಗಿನ ಕಂಪೈಲರ್‌ಗಳ ಫಲಿತಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಲಿಂಕ್ ಮಾಡುವುದು ಮಾತ್ರ ಅವುಗಳಲ್ಲಿ ಹೊಸದಾದ ಆವೃತ್ತಿಯಿಂದಲೇ ಆಗಬೇಕು. ಲೈಬ್ರರಿ 2013ರ ಆವೃತ್ತಿಯದ್ದಾದರೆ ಹೊಸದನ್ನು ಕೇಳಿ ಪಡೆಯಿರಿ.

ವೇಗದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆಪ್ಟಿಮೈಸೇಶನ್ ಆನ್ ಮಾಡಿ ನಿಮ್ಮದೇ ನಕ್ಷೆಗಳಿಂದ ಅಳೆದು ನೋಡದ ಹೊರತು ಯಾವುದು ವೇಗ ಎಂದು ಯಾರೂ ಹೇಳಲಾರರು. ಕ್ಲಾಂಗ್ ವಿಂಡೋಸ್‌ಗೆ ಇನ್ನೂ ಪಕ್ವವಾಗಿಲ್ಲ ಎಂಬ ಅನುಮಾನವಿದ್ದರೆ ಬಿಡಿ. ವಿಂಡೋಸ್‌ನ ಕ್ರೋಮ್ ಬ್ರೌಸರ್ 2018ರಿಂದ ಅದರಲ್ಲಿಯೇ ಕಂಪೈಲ್ ಆಗುತ್ತಿದೆ.

ಮರುಪ್ರಶ್ನೆ: ಆ ಲೈಬ್ರರಿಯ ಸುತ್ತ ಸಿ ಭಾಷೆಯ ಇಂಟರ್‌ಫೇಸ್ ಒಂದನ್ನು ನಾನೇ ಬರೆದರೆ ಉಳಿದದ್ದಕ್ಕೆಲ್ಲ ಜಿಸಿಸಿ ಬಳಸಬಹುದಲ್ಲವೇ?

ಉತ್ತರ: ಬಳಸಬಹುದು. ಸುತ್ತುಗೋಡೆಯಂಥ ಆ ಡಿಎಲ್‌ಎಲ್ಲನ್ನು ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಕಟ್ಟಿ, ಹೊರಗೆ ಸಿ ಫಂಕ್ಷನ್‌ಗಳನ್ನಷ್ಟೇ ತೋರಿಸಿ. ಆದರೆ ಗೋಡೆ ದಾಟಿ ಎಸ್‌ಟಿಡಿ ಸ್ಟ್ರಿಂಗ್ (ಸಿ++ನಲ್ಲಿ ಪಠ್ಯ ಹಿಡಿದಿಡುವ ಟೈಪ್) ಹೋಗಬಾರದು, ಎಕ್ಸೆಪ್ಷನ್ ಹೋಗಬಾರದು, ಮತ್ತು ಆ ಬದಿಯಲ್ಲಿ ಪಡೆದ ಮೆಮೊರಿಯನ್ನು ಈ ಬದಿಯಲ್ಲಿ ಬಿಡುಗಡೆ ಮಾಡಬಾರದು. ಕೊನೆಯ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ: ಕಡತ ಸರಿಯಾಗಿ ತೆರೆಯುತ್ತಿತ್ತು, ಮುಚ್ಚಿದ ಎಷ್ಟೋ ಹೊತ್ತಿನ ನಂತರ, ಸಂಬಂಧವೇ ಇಲ್ಲದ ಕಡೆ ಪ್ರೋಗ್ರಾಂ ಬೀಳುತ್ತಿತ್ತು. ಎರಡು ಬದಿಗೂ ಬೇರೆ ಬೇರೆ ಸಿ ರನ್‌ಟೈಮ್ (ಸಿಯ ಮೂಲ ಲೈಬ್ರರಿ), ಬೇರೆ ಬೇರೆ ಹೀಪ್ (ಮೆಮೊರಿ ಪಡೆಯುವ ಸಂಗ್ರಹ) ಇದ್ದುದೇ ಕಾರಣವಾಗಿತ್ತು. ಹಾಗಾಗಿ ಮೆಮೊರಿ ಕೊಡುವ ಪ್ರತಿ ಫಂಕ್ಷನ್‌ಗೂ ಅದನ್ನು ಮರಳಿ ಪಡೆಯುವ ಜೊತೆ ಫಂಕ್ಷನ್ ಅದೇ ಡಿಎಲ್‌ಎಲ್‌ನಲ್ಲಿ ಇರಲಿ. ಇಷ್ಟು ದುಡಿಮೆಗೆ ತಕ್ಕ ಲಾಭ ನಿಮ್ಮ ಸಂದರ್ಭದಲ್ಲಿ ನನಗೆ ಕಾಣುತ್ತಿಲ್ಲ.

ಮರುಪ್ರಶ್ನೆ: ಮತ್ತೆ ಲಿನಕ್ಸ್? ಅಲ್ಲಿ ಜಿಸಿಸಿ ಬಳಸಿದರೆ ನಮ್ಮ ಮೂಲ ಕೋಡ್ ಬಹಿರಂಗಪಡಿಸಬೇಕೇ?

ಉತ್ತರ: ಬೇಡ. ಜಿಸಿಸಿಯ ರನ್‌ಟೈಮ್ ಲೈಬ್ರರಿಗಳ ಪರವಾನಗಿಯಲ್ಲಿ ಅದಕ್ಕೆಂದೇ ವಿನಾಯಿತಿ ಇದೆ. ನಿಜವಾದ ತೊಡಕು ಬೇರೆ ಕಡೆ ಇದೆ: 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಎಂಬ ಪೂರ್ಣಾಂಕದ ಟೈಪ್ 32 ಬಿಟ್, 64 ಬಿಟ್ ಲಿನಕ್ಸ್‌ನಲ್ಲಿ ಅದೇ ಲಾಂಗ್ 64 ಬಿಟ್. ಇಂಥ ಮೌಲ್ಯಗಳ ಕಟ್ಟಾದ ಸ್ಟ್ರಕ್ಟ್ ಅನ್ನು ಇದ್ದಂತೆಯೇ ಕಡತಕ್ಕೆ ಬರೆಯುತ್ತಿದ್ದರೆ ಒಂದರಲ್ಲಿ ಉಳಿಸಿದ ನಕ್ಷೆ ಇನ್ನೊಂದರಲ್ಲಿ ತೆರೆಯದು; ಅಳತೆ ಹೆಸರಿನಲ್ಲೇ ಇರುವ ಟೈಪ್‌ಗಳನ್ನು ಈಗಿನಿಂದಲೇ ಬಳಸಿ. ಕೊಂಡ ಲೈಬ್ರರಿಗೆ ಲಿನಕ್ಸ್ ಆವೃತ್ತಿ ಇದೆಯೇ ಎಂದು ಈ ವಾರವೇ ಮಾರಾಟಗಾರರಿಗೆ ಬರೆದು ಕೇಳಿ, ಏಕೆಂದರೆ ಅದು ಇಲ್ಲವಾದರೆ ಕಂಪೈಲರ್ ಯಾವುದಾದರೂ ನೀವು ಅಲ್ಲಿಗೆ ಹೋಗುವಂತಿಲ್ಲ.