ಪಾಪು ಕೈಯ ಕಲೆ, ಅತ್ತೆಯ ಫಾರ್ವರ್ಡ್

ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಒಂದೂವರೆ ತಿಂಗಳ ಹಿಂದೆ ಜಯನಗರದ ಅತ್ತೆಯ ಮಗಳು ಚಿನ್ನುವಿನ 5 ವರ್ಷದ ಮಗಳ ಕೈ ಮೇಲೆ ಬಿಸಿ ಸಾರು ಚೆಲ್ಲಿತ್ತು. ಗಾಯ ಮಾಗಿದೆ, ಕಲೆ ಇದೆ.

ಜಯನಗರದ ಅತ್ತೆ (ಫಾರ್ವರ್ಡ್): ಗಾಯದ ಕಲೆ ಇನ್ನಿಲ್ಲ!! ಕಣ್ಣಿನ ಔಷಧಿಯಿಂದ ಕಲೆಯನ್ನೇ ಮಾಯ ಮಾಡಿದ ಅಮೆರಿಕದ ವಿಜ್ಞಾನಿಗಳು!! ನಿಮ್ಮ ಡಾಕ್ಟರು ಇದನ್ನು ಹೇಳುವುದಿಲ್ಲ. 10 ಜನಕ್ಕೆ ಕಳಿಸಿ.

ಜಯನಗರದ ಅತ್ತೆ: ಪಾಪುಗೆ ಇದು ಆಗುತ್ತಾ ನೋಡ್ರೋ. ಹೆಣ್ಣು ಮಗು ಬೇರೆ.

ದೊಡ್ಡಪ್ಪ: ಶುಭೋದಯ. ಇದರಲ್ಲಿ ಹೊಸದೇನಿದೆ? ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಗೇ ಗೊತ್ತಿತ್ತು. ಅದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ತೆಗೆದುಕೊಂಡರು. ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಮನೆಯ ಮಸಾಲೆ ಡಬ್ಬಿ ಬಿಟ್ಟು ಫೋನಿನಲ್ಲಿ ಹುಡುಕುತ್ತೀರಿ.

ಭಾವ: ದೊಡ್ಡಪ್ಪ, ಅದು ಹೊಸ ಶೋಧ ಅಲ್ಲ ಅಂತ ಪೇಟೆಂಟ್ ರದ್ದಾಯಿತು. ಅರಿಶಿನದಿಂದ ಕಲೆ ಹೋಗುತ್ತದೆ ಅಂತ ಅಲ್ಲಿ ಯಾರೂ ತೀರ್ಮಾನ ಮಾಡಿಲ್ಲ. ಅತ್ತೆ, ನಿಮ್ಮ ಸುದ್ದಿಗೆ ಸೋರ್ಸ್ ಎಲ್ಲಿ? ಹೋದ ವರ್ಷ ಬೆಳ್ಳುಳ್ಳಿ ತಿಂದರೆ ಬಿಪಿ ಹೋಗುತ್ತೆ ಅಂತ ಕಳಿಸಿದ್ರಿ. ಮಾವ ಮಾತ್ರೆ ಬಿಟ್ಟರು.

ಜಯನಗರದ ಅತ್ತೆ: ಅದನ್ನು ಇನ್ನೂ ಎಷ್ಟು ದಿನ ಹೇಳ್ತೀರಿ ಅಳಿಯಂದ್ರೇ?

ದೊಡ್ಡಪ್ಪ: ಹಿರಿಯರಿಗೆ ಎದುರು ಮಾತಾಡುವುದಕ್ಕಾ ಇಷ್ಟು ಓದಿದ್ದು?

ಗುಂಡಣ್ಣ (ದೊಡ್ಡಪ್ಪನ ಮಗ): ಕಡಲೆಕಾಯಿ ಪರಿಷೆ ದಿನ ಬ್ಯೂಗಲ್ ರಾಕ್ ಬಂಡೆಯಿಂದ ಜಾರಿ ಮೊಣಕಾಲು ಒಡೆದುಕೊಂಡಿದ್ದೆನಲ್ಲ, ನೆನಪಿದೆಯಾ? ಟಿಂಚರ್ ಹಾಕಿದಾಗ ನಾನು ಕೂಗಿದ್ದು ಗಾಂಧಿ ಬಜಾರಿಗೆ ಕೇಳಿಸಿತ್ತು. ಆ ಕಲೆ ಈಗಲೂ ಇದೆ. ಫೋಟೋ ಹಾಕಲಾ?

ಅಕ್ಕ: ಬೇಡ.

(ಹಾಕಿದ. ಅದಕ್ಕೆ 6 ಜನ ಲೈಕ್ ಒತ್ತಿದರು.)

ನಾನು: ಅತ್ತೆ, ಇದು ಪೂರ್ತಿ ಸುಳ್ಳಲ್ಲ. ಅದಕ್ಕೇ ನನಗೆ ಭಯ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಸಂಶೋಧನೆ ಸೈನ್ಸ್ ಪತ್ರಿಕೆಯಲ್ಲಿ ಬಂತು. ಔಷಧಿ ಹೆಸರು ವರ್ಟೆಪೋರ್ಫಿನ್. ಗಾಯವಾದಾಗ ಸುತ್ತಲಿನ ಚರ್ಮ ಎಳೆಯುತ್ತದೆ. ಆ ಎಳೆತ ಗೊತ್ತಾದ ಕೂಡಲೇ ಕೆಲವು ಜೀವಕೋಶಗಳು ಕಲೆ ಕಟ್ಟಲು ಶುರು ಮಾಡುತ್ತವೆ. ಎಳೆತದ ಸುದ್ದಿ ಅವುಗಳಿಗೆ ಮುಟ್ಟದ ಹಾಗೆ ಈ ಔಷಧಿ ತಡೆಯಿತು. ಗಾಯದ ಜಾಗದಲ್ಲಿ ಮೊದಲಿನಂಥ ಚರ್ಮವೇ ಬಂತು, ಕೂದಲೂ ಬಂತು. ಆದರೆ ಅದು ಇಲಿಗಳಲ್ಲಿ. ಅದೂ ಹೊಸ ಗಾಯದಲ್ಲಿ, ಆಗಲೇ ಆಗಿರುವ ಕಲೆಯಲ್ಲಿ ಅಲ್ಲ. ಮತ್ತೆ ಅದು ಕಣ್ಣಿಗೆ ಬಿಡುವ ಡ್ರಾಪ್ಸ್ ಅಲ್ಲ. ಕಣ್ಣಿನ ಕಾಯಿಲೆಗೆ ಕೈಯ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಕೊಟ್ಟ ಮೇಲೆ ಕೆಲವು ದಿನ ಬಿಸಿಲಿಗೇ ಬರಬಾರದು. ದಯವಿಟ್ಟು ಮೆಡಿಕಲ್ ಶಾಪ್‌ನಲ್ಲಿ ಕೇಳಬೇಡಿ.

ಭಾವ: ಜುವಿಸ್ಟಾ ಅಂತ ಒಂದು ಬಂದಿತ್ತು. ಅದೂ ಕಲೆ ಕಡಿಮೆ ಮಾಡುವ ಇಂಜೆಕ್ಷನ್. ಮೊದಲು ಚೆನ್ನಾಗಿ ಕಂಡಿತು. 2011ರಲ್ಲಿ ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ಜಯನಗರದ ಅತ್ತೆ: ಅಷ್ಟುದ್ದ ಓದಕ್ಕೆ ನನ್ನ ಕೈಲಾಗಲ್ಲ. ಹಚ್ಚಬಹುದಾ ಬೇಡ್ವಾ?

ನಾನು: ಬೇಡ ಅತ್ತೆ.

ದೊಡ್ಡಪ್ಪ: ಸಾರು ಚೆಲ್ಲಿದ ದಿನವೇ ಅರಿಶಿನ ಮೆತ್ತು ಅಂದೆ. ಚಿನ್ನು ನನ್ನ ಮಾತು ಕೇಳಲಿಲ್ಲ.

ನಾನು: ಕೇಳದೇ ಇದ್ದದ್ದೇ ಒಳ್ಳೆಯದಾಯಿತು ದೊಡ್ಡಪ್ಪ. ಅವಳು ಮಗುವಿನ ಕೈಯನ್ನು 20 ನಿಮಿಷ ನಲ್ಲಿ ಕೆಳಗೆ ಹಿಡಿದಳು. ಟ್ಯಾಂಕರ್ ನೀರು ಪೋಲಾಗುತ್ತೆ ಅಂತ ಬೈಸಿಕೊಂಡೂ ಹಿಡಿದಳು. ಸುಟ್ಟ ಗಾಯಕ್ಕೆ ಮೊದಲು ಮಾಡಬೇಕಾದದ್ದು ಅದೇ. ಹರಿಯುವ ತಣ್ಣೀರು. ಐಸ್ ಬೇಡ, ಅರಿಶಿನ ಬೇಡ, ಇಂಕು ಬೇಡ, ಪೇಸ್ಟ್ ಬೇಡ. ನನ್ನ ಕೈ ನೋಡಿದ್ದೀರಲ್ಲ? ಅತ್ತೆ ಮನೆ ಗೃಹಪ್ರವೇಶದಲ್ಲಿ ನನಗೆ 8 ವರ್ಷ. ಸುಟ್ಟಾಗ ಆದ ನೋವು ಮರೆತಿದ್ದೇನೆ. ಆಸ್ಪತ್ರೆಯಲ್ಲಿ ಆ ಪೇಸ್ಟ್ ಒರೆಸಿ ತೆಗೆದಾಗ ಆದ ನೋವು ಮರೆತಿಲ್ಲ.

ಜಯನಗರದ ಅತ್ತೆ: ನೋಡು ಪುಟ್ಟಿ, ಇಷ್ಟು ವರ್ಷ ಎಲ್ಲರೂ ನನ್ನನ್ನೇ ಅಂದಿದ್ದೀರಿ. ಇವತ್ತು ಹೇಳ್ತೀನಿ. ಟ್ಯೂಬ್ ತಂದವಳು ನಾನು. ಹಚ್ಚಿದ್ದು ಅಣ್ಣ.

ಗುಂಡಣ್ಣ: ಅಪ್ಪ?

ಅಕ್ಕ: ಗೃಹಪ್ರವೇಶದ ದಿನ ಅಮ್ಮನನ್ನು ಊಟಕ್ಕೇ ಕರೆಯಲಿಲ್ಲ, ಅದನ್ನೂ ಹೇಳಿ ಅತ್ತೆ.

ಜಯನಗರದ ಅತ್ತೆ: ಕರೆದಿದ್ದೆ! ನಿಮ್ಮಮ್ಮ ಪುಟ್ಟಿ ಜೊತೆ ಆಸ್ಪತ್ರೆಯಲ್ಲಿದ್ದಳು!

(ಹೀಗೇ ಮುಕ್ಕಾಲು ಗಂಟೆ. ಔಷಧಿ ಮಾತು ಯಾರೂ ಎತ್ತಲಿಲ್ಲ. ದೊಡ್ಡಪ್ಪ ಎಲ್ಲ ಓದಿದ್ದರು, ನೀಲಿ ಗೆರೆ ಕಾಣುತ್ತಿತ್ತು. ಏನೂ ಬರೆಯಲಿಲ್ಲ.)

ಚಿನ್ನು: ಅಮ್ಮಾ, ಅಕ್ಕಾ, ಸ್ವಲ್ಪ ನಿಲ್ಲಿಸಿ. ಡಾಕ್ಟರು ಸಿಲಿಕೋನ್ ಶೀಟ್ ಬರೆದುಕೊಟ್ಟಿದ್ದಾರೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ಅಂಟಿಸಿರಬೇಕು, ಕೆಲವು ತಿಂಗಳು. ಕಲೆ ಪೂರ್ತಿ ಹೋಗಲ್ಲ. ದಪ್ಪ ಆಗದ ಹಾಗೆ, ಮೆತ್ತಗೆ ಇರೋ ಹಾಗೆ ನೋಡಿಕೊಳ್ಳಬಹುದು ಅಂದರು. ಒಂದು ವರ್ಷ, ಇನ್ನೂ ಜಾಸ್ತಿ ದಿನ ಕಲೆ ಬದಲಾಗುತ್ತಲೇ ಇರುತ್ತಂತೆ. ಈಗ ಕೆಂಪಗಿದೆ ಅಂತ ಹೆದರಬೇಡಿ ಅಂದರು. ನಾನು ಕೇಳಿಕೊಳ್ಳೋದು ಒಂದೇ. ಪಾಪು ಎದುರಿಗೆ "ಹೆಣ್ಣು ಮಗು ಬೇರೆ" ಅನ್ನಬೇಡಿ. ನಿನ್ನೆ ಈ ಸೆಕೆಯಲ್ಲಿ ತುಂಬು ತೋಳಿನ ಫ್ರಾಕ್ ಬೇಕು ಅಂದಳು.

ಜಯನಗರದ ಅತ್ತೆ: ಅಯ್ಯೋ. ಅವಳಿಗೆ ಕೇಳಿಸಿತಾ?

ಚಿನ್ನು: ಕೇಳಿಸಿತು ಅಮ್ಮಾ.

(ಆಮೇಲೆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಸಂಜೆ 6:40ಕ್ಕೆ ಒಂದು ಮೆಸೇಜ್ ಬಂತು.)

ದೊಡ್ಡಪ್ಪ: ಚಿನ್ನು, ಮೆಡಿಕಲ್ ಶಾಪ್‌ನಲ್ಲಿದ್ದೇನೆ. ಆ ಶೀಟ್ ಎರಡು ಸೈಜ್ ಇದೆ. ಪಾಪುಗೆ ಯಾವುದು?