ಮುಂಗಡ ತೆಗೆದುಕೊಂಡ ಟೈಲರ್ ಬಿಟ್ಟು ಹೋದರೆ ನೀವು ಏನು ಮಾಡುತ್ತೀರಿ? ಅನುಭವ ಇದ್ದವರು ಹೇಳಿ

ಕೇಳಿದವರು: ಬಳ್ಳಾರಿ, ಜೀನ್ಸ್ ಹೊಲಿಗೆ ಯೂನಿಟ್

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್ ಹತ್ತಿರ ನನ್ನದೊಂದು ಚಿಕ್ಕ ಯೂನಿಟ್ ಇದೆ. 14 ಜನ ಕೆಲಸಕ್ಕಿದ್ದಾರೆ. ಟೈಲರ್‌ಗಳಿಗೆ ಪೀಸ್ ಲೆಕ್ಕ, ಹೆಲ್ಪರ್‌ಗಳಿಗೆ ದಿನದ ಲೆಕ್ಕ. ಶನಿವಾರ ಬಟವಾಡೆ. ಉಗಾದಿಗೆ ಮುಂಚೆ ಒಬ್ಬ ಟೈಲರ್ ತಂಗಿ ಮದುವೆ ಅಂತ 40,000 ರೂಪಾಯಿ ಮುಂಗಡ ತೆಗೆದುಕೊಂಡ. ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. ಈಗ ಇಲ್ಲೇ ಇನ್ನೊಂದು ಯೂನಿಟ್‌ನಲ್ಲಿ ಕೂತಿದ್ದಾನೆ ಅಂತ ಗೊತ್ತಾಯಿತು. ಅವನ ಎರಡು ವಾರದ ಪಗಾರ 7,400 ನನ್ನ ಹತ್ತಿರವೇ ಇದೆ.

ಈಗ ಇನ್ನಿಬ್ಬರು ಮುಂಗಡ ಕೇಳುತ್ತಿದ್ದಾರೆ. ಪಕ್ಕದ ಯೂನಿಟ್‌ನವರು "ಆಧಾರ್ ಕಾರ್ಡ್, ಎಟಿಎಂ ಕಾರ್ಡ್ ಇಟ್ಟುಕೋ, ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೋ" ಅನ್ನುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ಮುಂಗಡ ಕೊಡದಿದ್ದರೆ ಬಳ್ಳಾರಿಯಲ್ಲಿ ಟೈಲರ್ ಸಿಗುವುದಿಲ್ಲ, ನಿಮಗೂ ಗೊತ್ತು. ಹೇಗೆ ನಡೆಸಿಕೊಂಡು ಹೋಗುತ್ತಿದ್ದೀರಿ?

ಬಳ್ಳಾರಿ, ಜೀನ್ಸ್ ಕೆಲಸದಲ್ಲಿ 22 ವರ್ಷ

ತಮ್ಮಾ, ಕಾರ್ಡ್ ಇಟ್ಟುಕೊಳ್ಳಬೇಡ. ನಾನು ಇಟ್ಟುಕೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಏಳೆಂಟು ವರ್ಷದ ಹಿಂದಿನ ಮಾತು. ಬೆಲ್ಟ್ ಹಚ್ಚುವ ಹುಡುಗನೊಬ್ಬ 25,000 ಮುಂಗಡ ತೆಗೆದುಕೊಂಡಿದ್ದ. ಅವನ ಮತ್ತು ಅವನ ಹೆಂಡತಿಯ ಆಧಾರ್ ಕಾರ್ಡ್ ನನ್ನ ಗಲ್ಲಾದಲ್ಲಿದ್ದವು. ಒಂದು ರಾತ್ರಿ ಹೆಂಡತಿಗೆ ಹೆರಿಗೆ ನೋವು ಬಂತು. ಆಸ್ಪತ್ರೆಯಲ್ಲಿ ಕಾರ್ಡ್ ಕೇಳಿದರು. ನಾನು ಮಾಲು ಹಾಕಲು ಹುಬ್ಬಳ್ಳಿಗೆ ಹೋಗಿದ್ದೆ, ಗಲ್ಲಾದ ಕೀಲಿ ನನ್ನ ಜೇಬಿನಲ್ಲಿತ್ತು. ಅವನು ಫೋನ್‌ನಲ್ಲಿ "ಅಣ್ಣಾ, ನಂಬರ್ ಆದರೂ ಹೇಳು" ಅಂದ. ನನಗೆ ನಂಬರ್ ಎಲ್ಲಿಂದ ಗೊತ್ತಿರಬೇಕು? ಬೆಳಿಗ್ಗೆ ಬಂದು ಕಾರ್ಡ್ ಕೊಟ್ಟೆ. ಮಗು, ತಾಯಿ ಚೆನ್ನಾಗಿದ್ದರು, ದೇವರ ದಯೆ. ಆದರೆ ಆ ಹುಡುಗ ಮತ್ತೆ ನನ್ನ ಮುಖ ನೋಡಿ ಮಾತಾಡಲಿಲ್ಲ. ನಾಲ್ಕು ತಿಂಗಳು ದುಡಿದು, ಮುಂಗಡ ತೀರಿಸಿ ಹೋದ. ದುಡ್ಡು ಬಂತು. ಅಂಥ ಕೈಗೆಲಸದವನು ಮಾತ್ರ ಆಮೇಲೆ ಸಿಕ್ಕಿಲ್ಲ.

ಕಾನೂನು ನನಗೆ ಆಮೇಲೆ ತಿಳಿಯಿತು. ಮುಂಗಡ ತೀರುವ ತನಕ ನನ್ನ ಹತ್ತಿರವೇ ದುಡಿಯಬೇಕು, ಬೇರೆ ಕಡೆ ಹೋಗಬಾರದು ಅಂತ ಕಟ್ಟಿ ಹಾಕಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ 3 ವರ್ಷದ ತನಕ ಜೈಲು ಇದೆ. ಅಷ್ಟೇ ಅಲ್ಲ, ಜೀತದ ಸಾಲ ಅಂತ ತೀರ್ಮಾನವಾದರೆ ಆ ಸಾಲವೇ ಹೋಯಿತು, ಕೇಳುವ ಹಕ್ಕಿಲ್ಲ. ಖಾಲಿ ಬಾಂಡ್ ಪೇಪರ್ ನಿನ್ನನ್ನು ಉಳಿಸುವುದಿಲ್ಲ, ನಿನ್ನ ವಿರುದ್ಧವೇ ಸಾಕ್ಷಿ ಆಗುತ್ತದೆ.

ಈಗ ನಾನು ಮಾಡುವುದು ಇಷ್ಟು. ಒಬ್ಬೊಬ್ಬರಿಗೂ ಎರಡು ಪುಸ್ತಕ, ನೂರು ಹಾಳೆಯದು. ಒಂದು ನನ್ನ ಹತ್ತಿರ, ಒಂದು ಅವರ ಹತ್ತಿರ. ಶನಿವಾರ ಎರಡನ್ನೂ ಪಕ್ಕದಲ್ಲಿಟ್ಟು ಬರೆಯುತ್ತೇವೆ: ಎಷ್ಟು ಪೀಸ್, ಯಾವ ರೇಟ್, ಮುಂಗಡಕ್ಕೆ ಎಷ್ಟು ಮುರಿದೆ, ಎಷ್ಟು ಬಾಕಿ. ಎರಡರಲ್ಲೂ ಇಬ್ಬರ ಸಹಿ. ಥ್ರೆಡ್ ಕಟಿಂಗ್ ಮಾಡುವ ಅಕ್ಕ ಒಬ್ಬರಿಗೆ ಓದಲು ಬರುವುದಿಲ್ಲ. ಪುಸ್ತಕವನ್ನು ಮನೆಗೆ ಒಯ್ದು ಆರನೇ ಕ್ಲಾಸಿನ ಮಗಳಿಗೆ ತೋರಿಸಿದರು. ಸೋಮವಾರ ಬಂದು, "ಅಣ್ಣಾರ, 60 ರೂಪಾಯಿ ಕಡಿಮೆ ಕೂಡಿಸೀರಿ" ಅಂದರು. ನೋಡಿದೆ, ನಿಜ. ಅಲ್ಲೇ ಕೊಟ್ಟೆ. ಅವತ್ತು ಉಳಿದವರೆಲ್ಲ ನೋಡುತ್ತಿದ್ದರು. ಆಮೇಲೆ ನನ್ನ ಲೆಕ್ಕದ ಬಗ್ಗೆ ಯಾರೂ ಗೊಣಗಿಲ್ಲ.

ಇನ್ನೊಂದು ಮಾತು. 40,000 ಜಾಸ್ತಿ ಆಯಿತು. ವಾರಕ್ಕೆ ಸಾವಿರ ಮುರಿದರೂ 40 ವಾರ ಬೇಕು. ಅಷ್ಟು ದಿನ ಕೈ ಕಟ್ಟಿಸಿಕೊಂಡು ಯಾರು ಕೂರುತ್ತಾರೆ? ನಾನು ಒಂದು ತಿಂಗಳ ದುಡಿಮೆಗಿಂತ ಮೇಲೆ ಕೊಡುವುದಿಲ್ಲ. ಆಸ್ಪತ್ರೆ ಖರ್ಚು ಮಾತ್ರ ಬೇರೆ.

ಬಳ್ಳಾರಿ, ಟೈಲರ್

ನಾನು ಮಾಲೀಕ ಅಲ್ಲ. ಹೊಲಿಯುವವನು. ಬರೆಯಬಹುದು ಅಲ್ವಾ?

ಸರ್, ನಾವು ಸುಮ್ನೆ ಬಿಟ್ಟು ಹೋಗುವುದಿಲ್ಲ. ನಾನು ಎರಡು ಸಲ ಬಿಟ್ಟಿದ್ದೇನೆ. ಒಂದು ಸಲ, ಲಾಟ್ ಹೊಲಿದು ಮುಗಿಸಿದ ಮೇಲೆ ರೇಟ್ ಇಳಿಸಿದರು. ಪಾಕೆಟ್‌ಗೆ ಒಂದು ರೇಟ್ ಅಂತ ಸೋಮವಾರ ಹೇಳಿದ್ದು, ಶನಿವಾರ 50 ಪೈಸೆ ಕಡಿಮೆ ಆಯಿತು. ಐವತ್ತು ಪೈಸೆ ಅಂದರೆ ನಿಮಗೆ ಚಿಕ್ಕದು. ವಾರಕ್ಕೆ ಸಾವಿರ ಪಾಕೆಟ್ ಹೊಲಿದವನಿಗೆ 500 ರೂಪಾಯಿ, ಮನೆಗೆ ಒಂದು ವಾರದ ತರಕಾರಿ, ಹಾಲು. ಇನ್ನೊಂದು ಸಲ ವಾಷಿಂಗ್‌ನಲ್ಲಿ ಹರಿದ ಪೀಸ್‌ಗೆ ನನ್ನ ಪಗಾರ ಮುರಿದರು. ಹೊಲಿಗೆ ಬಿಚ್ಚಿರಲಿಲ್ಲ, ಬಟ್ಟೆಯೇ ಹರಿದಿತ್ತು. ತೋರಿಸುತ್ತೇನೆ ಅಂದರೂ ಯಾರೂ ನೋಡಲಿಲ್ಲ.

ಮತ್ತೆ ಈ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಶೀಟ್ ಕೆಳಗೆ ಕೂತು ಹೊಲಿದು ನೋಡಿ. ಕರೆಂಟ್ ಹೋದರೆ ಪೀಸ್ ಲೆಕ್ಕದವನಿಗೆ ದುಡಿಮೆ ಇಲ್ಲ, ಮನೆಗೆ ಹೋಗುವ ಹಾಗೂ ಇಲ್ಲ. ಮೂರು ತಾಸು ಸುಮ್ಮನೆ ಕೂತರೂ ಮುಂಗಡದ ಕಂತು ಮಾತ್ರ ಪೂರ್ತಿ ಮುರಿಯುತ್ತಾರೆ. ಆಗ ಇನ್ನೊಬ್ಬ ಮಾಲೀಕ ಬಂದು "ಆ ಮುಂಗಡ ನಾನು ತೀರಿಸುತ್ತೇನೆ, ಇನ್ನೂ ಹತ್ತು ಸಾವಿರ ಕೊಡುತ್ತೇನೆ, ಬಾ" ಅಂತಾನೆ. ಹೋಗುತ್ತೇವೆ. ಹಳೆಯ ಮಾಲೀಕರಿಗೆ ಅವನು ದುಡ್ಡು ಮುಟ್ಟಿಸಿದನೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ನಿಮ್ಮ ಹುಡುಗನದೂ ಹೀಗೇ ಆಗಿರಬಹುದು. ಒಂದು ಸಲ ಹೋಗಿ ಕೇಳಿ. ಜಗಳಕ್ಕೆ ಹೋಗಬೇಡಿ.

ಕಂತು ಮುರಿಯುವಾಗ ಕೆಲಸ ಕಡಿಮೆ ಇದ್ದ ವಾರ ಬಿಡಿ. ಆಷಾಢದಲ್ಲಿ ಆರ್ಡರ್ ಇಲ್ಲದಾಗ ಕಂತು ಬಿಟ್ಟ ಮಾಲೀಕರ ಹತ್ತಿರ ನಾನು ಈಗ ಐದು ವರ್ಷದಿಂದ ಇದ್ದೇನೆ.

ಕೊಪ್ಪಳ, ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡುವವನು

ಟೈಲರ್ ಅಣ್ಣ ಹೇಳಿದ್ದರಲ್ಲಿ ಒಂದು ಕಾನೂನಿನಲ್ಲೇ ಇದೆ. ಮಾಲು ಹಾಳಾಯಿತು ಅಂತ ಪಗಾರ ಮುರಿಯಬೇಕಾದರೆ ಮೊದಲು ಅವನ ಮಾತು ಕೇಳಬೇಕು. ಕೇಳದೆ ಮುರಿದರೆ ತಪ್ಪು. ಎಲ್ಲ ಕಡಿತ ಸೇರಿಸಿ ಒಂದು ಬಟವಾಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮುರಿಯುವ ಹಾಗಿಲ್ಲ. ಕೇಳಿದವರ ಹತ್ತಿರ 7,400 ಇದೆ ಅಂದಿರಿ. ಅದರಲ್ಲಿ 3,700ಕ್ಕಿಂತ ಜಾಸ್ತಿ ಹಿಡಿಯಬೇಡಿ. ಉಳಿದದ್ದನ್ನು ತಡಮಾಡದೆ ಕೊಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಕೆಲಸದಿಂದ ತೆಗೆದರೂ, ಅವರೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನದೊಳಗೆ ಬಾಕಿ ಪಗಾರ ಕೊಡಬೇಕು. ನೇಮಕಾತಿ ಪತ್ರವೂ ಕಡ್ಡಾಯ. ಒಂದು ಹಾಳೆ ಸಾಕು. ಹೆಸರು, ಕೆಲಸ, ರೇಟ್, ಬಟವಾಡೆ ದಿನ, ವಾರದ ರಜೆ. ಕನ್ನಡದಲ್ಲೇ ಬರೆಯಿರಿ.

ನನಗೆ ಜಾಸ್ತಿ ಚಿಂತೆ ಆಗಿದ್ದು ಬೇರೆ ವಿಷಯ. ನಿಮ್ಮಲ್ಲಿ 14 ಜನ ಇದ್ದಾರೆ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಮಾಡಿಸಿದ್ದೀರಾ? 10 ಜನ ಆದರೆ ಮಾಡಿಸಲೇಬೇಕು, ಪೀಸ್ ಲೆಕ್ಕದವರೂ ಎಣಿಕೆಗೆ ಬರುತ್ತಾರೆ. ತಿಂಗಳಿಗೆ 21,000 ತನಕ ಪಗಾರ ಇರುವವರಿಗೆ ಅದು ಸಿಗುತ್ತದೆ. ಮಾಲೀಕರ ಪಾಲು ಶೇಕಡ 3.25, ಕಾರ್ಮಿಕರದು 0.75. ಅಂದರೆ 12,000 ಪಗಾರದವರಿಗೆ ನಿಮ್ಮ ಜೇಬಿನಿಂದ 390, ಅವರಿಂದ 90. ನಿಮ್ಮಲ್ಲಿ ಮುಂಗಡ ಕೇಳುವವರು ಯಾಕೆ ಕೇಳುತ್ತಾರೆ ಅಂತ ಪುಸ್ತಕ ತೆಗೆದು ನೋಡಿ. ನಾನು ಲೆಕ್ಕ ನೋಡುವ ಯೂನಿಟ್‌ಗಳಲ್ಲಿ ಮದುವೆ ಬಿಟ್ಟರೆ ಆಸ್ಪತ್ರೆ ಖರ್ಚೇ ಎದ್ದು ಕಾಣುತ್ತದೆ. ಇಎಸ್‌ಐ ಇದ್ದರೆ ಮನೆಯವರ ಚಿಕಿತ್ಸೆಯೂ ಅದರಲ್ಲೇ ಆಗುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದ ತನಕ ಪಗಾರದ ಶೇಕಡ 70 ಸಿಗುತ್ತದೆ, ಹೆರಿಗೆಗೆ 26 ವಾರ. ಮಷಿನ್‌ನ ಸೂಜಿ ಬೆರಳಿಗೆ ಹೊಕ್ಕರೆ ಆ ಖರ್ಚೂ ನಿಮ್ಮ ತಲೆಗೆ ಬರುವುದಿಲ್ಲ. ಪಿಎಫ್ 20 ಜನ ಆದ ಮೇಲೆ, ಸದ್ಯಕ್ಕೆ ನಿಮಗಿಲ್ಲ. ಹೆಣ್ಣುಮಕ್ಕಳ ದೂರು ಕೇಳುವ ಆಂತರಿಕ ಸಮಿತಿ ಮಾತ್ರ 10 ಜನಕ್ಕೇ ಬೇಕು, ಮರೆಯಬೇಡಿ.

ಗಂಗಾವತಿ, ರೈಸ್ ಮಿಲ್

ನಮ್ಮಲ್ಲಿ ಹಮಾಲರದು ಚೀಲದ ಲೆಕ್ಕ. ಮುಂಗಡದ ಕಥೆ ಇಲ್ಲೂ ಅದೇ. ನಾನು ಹೇಳಬೇಕು ಅಂದುಕೊಂಡಿದ್ದು ಪಗಾರ ಹಿಡಿದಿಡುವ ವಿಷಯ.

ಒಂದು ಸಲ ಲಾರಿ ಲೋಡ್ ಆದ ಮೇಲೆ ಗೋದಾಮಿನ ಲೆಕ್ಕದಲ್ಲಿ 25 ಕೆಜಿಯ ಆರು ಚೀಲ ಸೋನಾ ಮಸೂರಿ ಕಡಿಮೆ ಬಂತು. ಅವತ್ತು ಎಣಿಸಿದ್ದ ಹಮಾಲನ ಮೇಲೆ ಅನುಮಾನ ಬಂತು. ನನ್ನ ಮುಂದೆ ನಿಂತು "ಧಣಿ, ನಾನು ಎಣಿಸಿ ಹಾಕಿದ್ದೇನೆ" ಅಂದ. ನಾನು ಕೇಳಲಿಲ್ಲ. ಅವನ ಬಾಕಿ ಹಿಡಿದುಕೊಂಡು ನಾಳೆಯಿಂದ ಬರಬೇಡ ಅಂದೆ. ಹತ್ತು ದಿನದ ಮೇಲೆ ಮಾಲು ತೆಗೆದುಕೊಂಡ ಅಂಗಡಿಯವರೇ ಫೋನ್ ಮಾಡಿದರು. ಆರು ಚೀಲ ಜಾಸ್ತಿ ಬಂದಿದೆ, ತೂಕದ ಚೀಟಿಯಲ್ಲೂ ಹಾಗೇ ಇದೆ ಅಂತ. ತಪ್ಪು ನಮ್ಮ ಗುಮಾಸ್ತರ ಟ್ಯಾಲಿಯಲ್ಲಿತ್ತು. ಅವನ ಊರು ಕಾರಟಗಿ ಕಡೆ. ನಾನೇ ಹೋಗಿ ದುಡ್ಡು ಕೊಟ್ಟೆ, ತಪ್ಪಾಯಿತು ಅಂತಲೂ ಹೇಳಿದೆ. ಚಹಾ ಕೊಟ್ಟ. ಕೆಲಸಕ್ಕೆ ಬಾ ಅಂದರೆ ತಲೆ ಅಲ್ಲಾಡಿಸಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಆ ಹತ್ತು ದಿನ ಊರಲ್ಲಿ ಅವನಿಗೆ ಕಳ್ಳ ಅನ್ನುವ ಹೆಸರು ಬಂದಿತ್ತು. ಅದನ್ನು ನಾನು ಹೇಗೆ ವಾಪಸ್ ತೆಗೆದುಕೊಳ್ಳಲಿ?

ಅದಕ್ಕೇ ಈಗ ಯಾರ ಮೇಲಾದರೂ ದೂರು ಬಂದರೆ ಮೊದಲು ಕೂರಿಸಿ ಕೇಳುತ್ತೇನೆ, ಬರೆದುಕೊಳ್ಳುತ್ತೇನೆ, ಎರಡು ದಿನ ಬಿಟ್ಟು ತೀರ್ಮಾನ ಮಾಡುತ್ತೇನೆ. ಕೆಲಸವೇ ಕಡಿಮೆಯಾಗಿ ತೆಗೆಯಬೇಕಾಗಿ ಬಂದರೂ, ವರ್ಷದಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ನೋಟಿಸ್ ಮತ್ತು ವರ್ಷಕ್ಕೆ 15 ದಿನದ ಪಗಾರ ಕೊಡಬೇಕು ಅಂತ ನಮ್ಮ ವಕೀಲರು ಹೇಳಿದ್ದಾರೆ. ಬಾಯಿಮಾತಲ್ಲಿ ಬರಬೇಡ ಅಂದರೆ ನಡೆಯುವುದಿಲ್ಲ.

ರಾಯಚೂರು, ಖಡಕ್ ರೊಟ್ಟಿ ಕೇಂದ್ರ

ನಮ್ಮದು ಎಂಟು ಹೆಣ್ಣುಮಕ್ಕಳ ಕೆಲಸ. ಚಿಕ್ಕದು. ಆದರೂ ಮುಂಗಡ ಕೊಡುವವರು ಇದನ್ನು ಓದಬೇಕು.

ರೊಟ್ಟಿ ಬಡಿಯುವ ಒಬ್ಬ ಅಕ್ಕ ಮೂರು ತಿಂಗಳಲ್ಲಿ ಎರಡು ಸಲ ಮುಂಗಡ ಕೇಳಿದರು. ಕೊಟ್ಟೆ. ಮೂರನೇ ಸಲ ಕೇಳಿದಾಗ ನಾನು ಸಿಟ್ಟು ಮಾಡಿದೆ, "ವಾರ ವಾರ ಪಗಾರ ಹಾಕುತ್ತೇನೆ, ಎಲ್ಲಿ ಹೋಗುತ್ತದೆ" ಅಂತ. ಅವರು ಮಾತಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಲೇ ಇದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಪಕ್ಕದವರು ಹೇಳಿದರು. ನಾನು ಫೋನ್‌ಪೇ ಮಾಡುತ್ತಿದ್ದ ನಂಬರ್ ಅವರ ಗಂಡನದು. ಎರಡು ವರ್ಷ ಅವರು ಬಡಿದ ರೊಟ್ಟಿಯ ದುಡ್ಡು ಅವರ ಕೈ ನೋಡಿಯೇ ಇರಲಿಲ್ಲ. ಮುಂಗಡ ಒಂದೇ ಅವರ ಕೈಗೆ ಬರುತ್ತಿತ್ತು, ಯಾಕೆಂದರೆ ಅದನ್ನು ನಾನು ನೋಟಿನಲ್ಲಿ ಕೊಡುತ್ತಿದ್ದೆ. ಮಗನ ಸ್ಕೂಲ್ ಫೀಸ್‌ಗೆ ಅಂತ ತೆಗೆದುಕೊಂಡಿದ್ದರು.

ಮರುದಿನವೇ ಬ್ಯಾಂಕಿಗೆ ಕರೆದುಕೊಂಡು ಹೋಗಿ ಅವರ ಹೆಸರಲ್ಲಿ ಖಾತೆ ತೆಗೆಸಿದೆ. ಉಳಿದವರದೂ ನೋಡಿದೆ. ಇನ್ನಿಬ್ಬರದು ಹೀಗೇ ಇತ್ತು. ಆಮೇಲೆ ಆ ಅಕ್ಕ ಮುಂಗಡ ಕೇಳಿಲ್ಲ. ನೀವೂ ಒಂದು ಸಲ ನೋಡಿ ಅಣ್ಣಾ, ಪಗಾರ ಯಾರ ಖಾತೆಗೆ ಹೋಗುತ್ತಿದೆ ಅಂತ.

ಬಳ್ಳಾರಿ, ಜೀನ್ಸ್ ಕೆಲಸದಲ್ಲಿ 22 ವರ್ಷ

ಒಂದು ಬಿಟ್ಟಿದ್ದೆ. ಆ ಹುಡುಗ ಕೊಡುವುದೇ ಇಲ್ಲ ಅಂದರೆ ಹೊಡೆದಾಟಕ್ಕೆ ಜನ ಕಳಿಸಬೇಡ. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುತ್ತಾರೆ. ನಾನು ಒಂದು ಸಲ ಹೋಗಿದ್ದೆ, ಕಂತಿನಲ್ಲಿ ಕೊಡುವ ಹಾಗೆ ಬರೆಸಿಕೊಟ್ಟರು. ಕೈಗಡಕ್ಕೆ 3 ವರ್ಷದೊಳಗೆ ಕೇಳಬೇಕು, ಅದಕ್ಕೇ ಕೊಟ್ಟ ದಿನದ ದಾಖಲೆ ಬೇಕು ಅನ್ನುವುದು. ನೋಟಿನಲ್ಲಿ ಕೊಡಬೇಡ, ಖಾತೆಗೆ ಹಾಕು.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಟೈಲರ್ ಅಣ್ಣ ಹೇಳಿದ ಹಾಗೆ ನಾನೇ ಹೋದೆ. ಮಧ್ಯಾಹ್ನ ಊಟದ ಹೊತ್ತು. ನನ್ನನ್ನು ನೋಡಿ ಹುಡುಗ ಎದ್ದು ನಿಂತ, ಕೈಯಲ್ಲಿ ತುತ್ತು ಹಾಗೇ ಇತ್ತು. ಊಟ ಮಾಡು, ಆಮೇಲೆ ಮಾತಾಡೋಣ ಅಂದೆ. ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಹೊಸ ಮಾಲೀಕರು ನನಗೆ ದುಡ್ಡು ಮುಟ್ಟಿಸಿದ್ದಾರೆ ಅಂತಲೇ ಅವನು ತಿಳಿದಿದ್ದ. ಅವರನ್ನೂ ಕರೆದೆವು. "ಕೊಡುತ್ತೇನೆ ಅಂದಿದ್ದೆ, ಇನ್ನೂ ಕೊಟ್ಟಿಲ್ಲ" ಅಂದರು.

ಯಾಕೆ ಬಿಟ್ಟೆ ಅಂತ ಕೇಳಿದೆ. ಉಗಾದಿ ಮುಂಚಿನ ರಶ್‌ನಲ್ಲಿ ರಾತ್ರಿ 11ರ ತನಕ ಕೂರಿಸಿದ್ದೆ, ಅದಕ್ಕೆ ಜಾಸ್ತಿ ಏನೂ ಕೊಡಲಿಲ್ಲ ಅಂದ. ಹೌದು, ಕೊಟ್ಟಿರಲಿಲ್ಲ. ಪೀಸ್ ಲೆಕ್ಕ ಅಲ್ಲವಾ, ಜಾಸ್ತಿ ಹೊಲಿದರೆ ಜಾಸ್ತಿ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆ ಹತ್ತು ರಾತ್ರಿಗೆ 2,000 ಸೇರಿಸಿ ಮುಂಗಡದಲ್ಲಿ ಕಳೆದೆ. ಪಗಾರದಲ್ಲಿ 3,700 ಹಿಡಿದು 3,700 ಅವನ ಖಾತೆಗೆ ಹಾಕಿದೆ. ಬಾಕಿ 34,300. ವಾರಕ್ಕೆ ಸಾವಿರ ಕೊಡುತ್ತೇನೆ ಅಂದ. ಎಲ್ಲಿ ಬೇಕಾದರೂ ದುಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಮುಂಗಡ ಕೇಳಿದ ಇಬ್ಬರಲ್ಲಿ ಒಬ್ಬರದು ತಾಯಿಯ ಕಣ್ಣಿನ ಆಪರೇಷನ್. ಇಎಸ್‌ಐ ನೋಂದಣಿಗೆ ಸೋಮವಾರ ಕೂರುತ್ತೇನೆ, ಕೊಪ್ಪಳದ ಸರ್, ಏನೇನು ಕಾಗದ ಬೇಕು ಹೇಳಿ. ಅದು ಆಗುವ ತನಕ ಕಾಯುವ ಹಾಗಿಲ್ಲ, ಅದಕ್ಕೆ ಅವರಿಗೆ 12,000 ಕೊಟ್ಟಿದ್ದೇನೆ, ಖಾತೆಗೇ.

ಇವತ್ತು ಶನಿವಾರ. ಸಾಯಂಕಾಲ ಆ ಹುಡುಗನಿಂದ 500 ಬಂತು. ಹೊಸ ಕಡೆ ಎರಡು ದಿನ ಕರೆಂಟ್ ಇರಲಿಲ್ಲವಂತೆ. ಪುಸ್ತಕದಲ್ಲಿ 500 ಅಂತ ಬರೆದು, ಆ ಪುಟದ ಫೋಟೋ ಅವನಿಗೆ ಕಳಿಸಿದ್ದೇನೆ.